ಆಷಾಢದಲ್ಲಿ ಕರಾಚಿಯಿಂದ

ಕರಾಚಿ ಎಷ್ಟು ದೂರ ಎಂಬ ಮಾತು ಆ ವರ್ಷ ಹುಕ್ಕೇರಿಯ ನಮ್ಮ ಮನೆಯಲ್ಲಿ ದಿನಾ ಬೆಳಗಾದರೆ ಒಲೆಯ ಮುಂದೆ ಬಂದು ಕೂಡುತ್ತಿತ್ತು. ನಮ್ಮ ಅತ್ತೆ ಕರಾಚಿಯನ್ನು ಕಂಡವರಲ್ಲ, ಬೆಳಗಾವಿಯನ್ನೇ ಎರಡು ಸಲ ಕಂಡವರು. ಆದರೆ ಕರಾಚಿಯಿಂದ ಒಬ್ಬ ಮನುಷ್ಯ ಎಷ್ಟು ದಿನದಲ್ಲಿ ಬಂದು ಎಷ್ಟು ದಿನದಲ್ಲಿ ಹೊರಳಿ ಹೋಗಬಹುದು ಎಂಬುದರ ಮೇಲೆ ನನ್ನ ತಂಗಿಯ ಮಾನ ನಿಂತಿತ್ತು. ಅದನ್ನು ತೂಗುವ ತಕ್ಕಡಿ ಅತ್ತೆಯ ಕೈಯಲ್ಲಿತ್ತು.

ನಾನೂ ತಂಗಿಯೂ ಮೂಡಲಗಿಯವರು. ನನ್ನನ್ನು ಈ ಮನೆಯ ಹಿರಿಯ ಮಗನಿಗೆ ಕೊಟ್ಟು ಏಳೆಂಟು ವರ್ಷವಾದ ಮೇಲೆ ತಂಗಿಯನ್ನು ಕಿರಿಯ ಮಗನಿಗೆ ಕೊಟ್ಟರು. ಮಾವನವರದು ಹತ್ತಿಯ ವ್ಯಾಪಾರ. ಅಂಗಡಿಯಿಂದ ಮನೆಗೆ ಊಟಕ್ಕೆ ಬರುವರು, ಮನೆಯ ಮಾತಿಗೆ ಬರುವವರಲ್ಲ. ನನ್ನ ಮೈದುನ, ಅಂದರೆ ತಂಗಿಯ ಗಂಡ, ಕರಾಚಿಯಲ್ಲಿ ಒಬ್ಬ ದೊಡ್ಡ ಹತ್ತಿ ಶೇಠನ ಹತ್ತಿರ ಗುಮಾಸ್ತನಾಗಿದ್ದ. ಕರಾಚಿಯೂ ನಮ್ಮ ಬೆಳಗಾವಿಯೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದ ಕಾಲ ಅದು. ನಾಲ್ಕು ಅಕ್ಷರ ಕಲಿತ ನಮ್ಮ ಕಡೆಯ ಹುಡುಗರು ಹಾಗೆ ಅಲ್ಲಿಗೂ ಹೋಗುತ್ತಿದ್ದರು.

ವೈಶಾಖದಲ್ಲಿ ಮದುವೆಯಾಯಿತು. ಜ್ಯೇಷ್ಠದ ಮೊದಲಿಗೆ ಮೈದುನ ಕರಾಚಿಗೆ ಹೋದ. ಆಷಾಢ ಹುಟ್ಟುವ ಮೊದಲೇ ತಂಗಿಯನ್ನು ಮೂಡಲಗಿಗೆ ಕಳಿಸಿದರು. ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು, ಗಂಡನ ಮುಖವನ್ನೂ ನೋಡಬಾರದು. ಆ ತಿಂಗಳು ಬಸಿರಾದರೆ ಚೈತ್ರದ ಬಿಸಿಲಿಗೆ ಬಾಣಂತನ ಬರುತ್ತದೆ, ಮನೆಯ ಹಿರಿಯರಿಗೂ ಅದು ಆಗಿಬರುವುದಿಲ್ಲ ಎಂಬ ನಂಬಿಕೆ. 'ಗಂಡ ಕರಾಚಿಯಾಗ ಕುಂತಾನ, ನಮಗ್ಯಾತರ ಚಿಂತಿ' ಎಂದು ಅತ್ತೆ ನಗುತ್ತಲೇ ಅವಳನ್ನು ಬಂಡಿ ಹತ್ತಿಸಿದ್ದರು.

ನಾಗರಪಂಚಮಿಗೆ ನಾನೂ ತವರಿಗೆ ಹೋದೆ. ಉಂಡಿ ಕಟ್ಟುತ್ತ ಕೂತಾಗ ತಂಗಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: 'ಅಕ್ಕಾ, ಅವರು ಬಂದಿದ್ರು.' ಆಷಾಢದ ನಡುವೆ ಒಂದು ದಿನ, ಜಡಿಮಳೆಯಲ್ಲಿ, ಕಂಬಳಿ ಕೊಪ್ಪೆ ಹಾಕಿಕೊಂಡು ಮೈದುನ ಹಿತ್ತಲ ಬಾಗಿಲಿಗೆ ಬಂದು ನಿಂತನಂತೆ. ವಿಮಾನದಲ್ಲಿ, ನಮ್ಮ ಬಾಯಲ್ಲಿ ಇಮಾನ, ಅದರಲ್ಲಿ ಬಂದೆ ಎಂದನಂತೆ. ಅವ್ವ ಬಾಗಿಲು ಮುಚ್ಚಿಕೊಂಡೇ ಗೋದಿಹುಗ್ಗಿ ಮಾಡಿ ಉಣಿಸಿದಳಂತೆ. ಮರುದಿನ ಬೆಳಕು ಹರಿಯುವ ಮೊದಲೇ, 'ಯಾರ ಮುಂದೂ ಹೇಳಬ್ಯಾಡ್ರಿ, ನಮ್ಮವ್ವಗ ತಿಳೀಬಾರದು' ಎಂದು ಹೊರಟುಹೋದನಂತೆ. ಅಪ್ಪ ಇಲ್ಲದ ಮನೆ ನಮ್ಮದು. ಅವನು ಬಂದದ್ದನ್ನು ಕಂಡವರು ಅವ್ವ ಒಬ್ಬಳೇ.

ಪಂಚಮಿ ಮುಗಿಸಿ ಇಬ್ಬರೂ ಹುಕ್ಕೇರಿಗೆ ಬಂದೆವು. ಭಾದ್ರಪದದಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಿದ್ದ ತಂಗಿ ಹಿಟ್ಟಿನ ಕೈಯಲ್ಲೇ ಎದ್ದು ಬಚ್ಚಲಿಗೆ ಓಡಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅತ್ತೆ ಅದನ್ನು ತೆಗೆದು ಬದಿಗಿಟ್ಟು, ಬೆರಳ ಗೆಣ್ಣು ಎಣಿಸತೊಡಗಿದರು. ಹೆಂಗಸರನ್ನು ತಿಂಗಳಿಗೊಮ್ಮೆ ಹೊರಗೆ ಕೂಡಿಸುವ ರೂಢಿ ನಮ್ಮವರಲ್ಲಿ ಇಲ್ಲ. ಲಿಂಗ ಕಟ್ಟಿಕೊಂಡವರಿಗೆ ಆ ಮೈಲಿಗೆ ಇಲ್ಲ. ಆದರೆ ಬಾವಿಯ ಹತ್ತಿರದ ಹಗ್ಗದ ಮೇಲೆ ಯಾರ ಬಟ್ಟೆ ಯಾವಾಗ ಒಣಗುತ್ತದೆ ಎಂಬುದು ಅತ್ತೆಯ ಕಣ್ಣಿಗೆ ತಪ್ಪುತ್ತಿರಲಿಲ್ಲ. ಮೈದುನ ಕರಾಚಿಗೆ ಹೋದ ಮೇಲೆ, ಆಷಾಢಕ್ಕೆ ಮೊದಲು, ತಂಗಿಯ ಬಟ್ಟೆ ಅಲ್ಲಿ ಒಣಗಿತ್ತು.

'ಏ ಹುಡುಗಿ, ಇಲ್ಲಿ ಬಾ' ಎಂದರು. 'ನನ್ನ ಮಗಾ ಹೋದಮ್ಯಾಲ ನೀ ಅರಿವಿ ಒಗದಿಯಲ್ಲ. ಮತ್ತ ಇದೇನಿದು?'

ತಂಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. 'ಅವರು ಬಂದಿದ್ರರಿ ಅತ್ತಿ. ಆಷಾಢದಾಗ. ಒಂದ ರಾತ್ರಿ ಇದ್ದ ಹೋದ್ರು.'

'ಯಾರು?'

'ಅವರ.'

'ಕರಾಚಿಯಿಂದ? ಒಂದ ರಾತ್ರಿ ಇರಾಕ?' ಅತ್ತೆ ನಕ್ಕರು. ಆ ನಗೆ ನನಗೆ ಇನ್ನೂ ನೆನಪಿದೆ, ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ. 'ಹಡದಾಕಿ ನಾ ಇಲ್ಲಿ ಕುಂತೇನಿ. ನನಗ ಕಾಣದ ಮಗಾ ನಿನಗ ಹ್ಯಾಂಗ ಕಂಡ?'

'ಇಮಾನದಾಗ ಬಂದೆ ಅಂದ್ರು.'

'ಇಮಾನದಾಗ! ಹತ್ತಿ ಅಂಗಡ್ಯಾಗ ಲೆಕ್ಕಾ ಬರಿಯಾಂವ ಇಮಾನದಾಗ ಬಂದ. ಕಲೆಕ್ಟರ ಸಾಹೇಬ ಅಲ್ಲೇನ ಅಂವಾ!'

ನಾನು ನಡುವೆ ಬಾಯಿ ಹಾಕಿದೆ. 'ಅತ್ತಿ, ಬಂದಿದ್ದು ಖರೆ ಐತ್ರಿ. ನಮ್ಮವ್ವ ಉಣ್ಣಾಕ ನೀಡ್ಯಾಳ. ನನ್ನ ಮುಂದನೂ ಹೇಳ್ಯಾಳ.'

'ನೀ ಆಕಿ ಅಕ್ಕ. ಉಣ್ಣಾಕ ನೀಡಿದಾಕಿ ನಿಮ್ಮವ್ವ. ಮೂರೂ ಮಂದಿ ಒಂದ ಗಡಿಗ್ಯಾಗ ಬೆಂದವರು. ನಿಮ್ಮ ಸಾಕ್ಷಿ ನನಗ ಬ್ಯಾಡ.'

ಅವತ್ತಿನಿಂದ ಮನೆಯಲ್ಲಿ ರೊಟ್ಟಿಯ ಬುಟ್ಟಿ ಎರಡಾದವು. ತಂಗಿ ಬಡಿದ ರೊಟ್ಟಿಯನ್ನು ಅತ್ತೆ ಮುಟ್ಟಲಿಲ್ಲ. ನಾನು ಬಡಿದದ್ದನ್ನು, ಬೇರೆ ದಾರಿಯಿಲ್ಲದ್ದಕ್ಕೆ, ತಿಂದರು. ಸೆಗಣಿಯ ಕುಳ್ಳು ಬಡಿಯುವಾಗ ಮೇಲೆ ಹದ್ದು ಸುತ್ತಿದರೆ ಓಣಿಗೆಲ್ಲ ಕೇಳುವಂತೆ ಕೂಗುವರು: 'ಬಾರವಾ ಹೊರಗ, ನಿನ್ನ ಗಂಡ ಬಂದ ನೋಡು!' ಓಣಿಯ ಹೆಂಗಸರು ಮೊದಲು ಅರ್ಥವಾಗದೆ ನಗುತ್ತಿದ್ದರು. ಆಮೇಲೆ ಅರ್ಥವಾಗಿ ನಗತೊಡಗಿದರು. ತಂಗಿ ನೀರಿಗೆ ಹೋಗುವುದನ್ನು ಬಿಟ್ಟಳು. ಆ ಕೊಡಗಳನ್ನೂ ನಾನೇ ಹೊತ್ತೆ.

ನಮ್ಮ ಯಜಮಾನರು ಕರಾಚಿಗೆ ಪತ್ರ ಬರೆದರು. ಉತ್ತರ ಬಂತು. ಎಲ್ಲರ ಆರೋಗ್ಯ ಕೇಳಿದ್ದ, ಎಮ್ಮೆ ಈಯಿತೇ ಎಂದು ಕೇಳಿದ್ದ, ಹತ್ತಿಯ ಧಾರಣೆ ಕೇಳಿದ್ದ. ನಾವು ಕೇಳಿದ್ದಕ್ಕೆ ಮಾತ್ರ ಉತ್ತರವಿರಲಿಲ್ಲ. 'ಬಂದಿದ್ರ ಬಂದೆ ಅಂತ ಬರೀತಿದ್ದಿಲ್ಲೇನ ಅಂವಾ?' ಎಂದರು ಅತ್ತೆ. ತಂಗಿ ಅವತ್ತು ಉಣ್ಣಲಿಲ್ಲ. ನಾನು ಉಂಡೆ, ಇಬ್ಬರೂ ಉಪವಾಸ ಬಿದ್ದರೆ ಮನೆಯ ಕೆಲಸ ಯಾರು ಮಾಡಬೇಕು?

ನಮ್ಮ ಯಜಮಾನರು ಜಗಳಕ್ಕೆ ಹೆದರುವ ಮನುಷ್ಯ. ಆದರೂ ಒಂದು ಭಾನುವಾರ ಸಾಲೆಗೆ ಹೋಗಿ, ಮಾಸ್ತರರನ್ನು ಕೇಳಿಕೊಂಡು ಬೀಗ ತೆಗೆಸಿ, ಗೋಡೆಯ ನಕಾಶೆಯ ಮೇಲೆ ದಾರ ಹಿಡಿದು ಅಳೆದುಕೊಂಡು ಬಂದರು. ಪಡಸಾಲೆಯಲ್ಲಿ ಅತ್ತೆಯ ಮುಂದೆ ಎರಡು ದಾರ ಹಾಸಿದರು. ಒಂದು ಉದ್ದ, ಒಂದು ಮೋಟು.

'ಅವ್ವಾ, ಈ ಉದ್ದಂದು ರೈಲಿನ ದಾರಿ. ಕರಾಚಿಯಿಂದ ಮ್ಯಾಲ ಹೋಗಿ, ಮಾರವಾಡದ ಉಸುಕ ಸುತ್ತಿ, ಅಹಮದಾಬಾದ ಮುಟ್ಟಿ ಮುಂಬೈಗೆ ಬರ್ತೈತಿ. ಈ ಮೋಟಂದು ಹಾರೂ ದಾರಿ. ಸೀದಾ. ಮುಂಜಾನಿ ಏರಿದ್ರ ಹೊತ್ತ ಇಳಿಯೂದರಾಗ ಮುಂಬೈ ಅಂತ ಮಾಸ್ತರರು ಅಂದ್ರು. ಪೇಪರಿನ್ಯಾಗ ಓದ್ಯಾರಂತ.'

ಅತ್ತೆ ಮೋಟು ದಾರವನ್ನು ಎತ್ತಿ ಹಿಡಿದು ನೋಡಿದರು. 'ಇದು ಸಮುದ್ರದ ಮ್ಯಾಲ ಹೋಗತೈತೇನು?'

'ಸ್ವಲ್ಪ ಹೋಗತೈತಿ.'

'ದಣಿವಾದ್ರ ಎಲ್ಲಿ ಕೂಡತೈತಿ?'

ಯಜಮಾನರು ತಲೆ ಕೆರೆದುಕೊಂಡರು. ಅತ್ತೆ ಆ ದಾರದಿಂದ ಕೊತ್ತಂಬರಿಯ ಸೂಡು ಕಟ್ಟಿ ನೆಲುವಿನಲ್ಲಿಟ್ಟು ಎದ್ದರು. ಆದರೆ ಅವರ ಮನಸ್ಸಿಗೆ ಏನೋ ಹೊಕ್ಕಿತ್ತು. ಎರಡು ದಿನ ಹದ್ದಿನ ಮಾತು ಆಡಲಿಲ್ಲ. ಮೂರನೆಯ ದಿನ, 'ದಡ್ಡಿಯಾಂವ ರಜಾದ ಮ್ಯಾಲ ಊರಿಗೆ ಬಂದಾನಂತ. ಅವನ್ನ ಕರೀರಿ, ಕೇಳೂಣು' ಎಂದರು.

ದಡ್ಡಿಯವನು ಎಂದರೆ ಕರಾಚಿಯ ಬಂದರದಲ್ಲಿ ಕೆಲಸಕ್ಕಿದ್ದ ದಡ್ಡಿ ಊರಿನ ಒಬ್ಬ ನಡುವಯಸ್ಸಿನ ಮನುಷ್ಯ. ತನ್ನ ಅಣ್ಣನ ಮಗಳನ್ನು ನಮ್ಮ ಮೈದುನನಿಗೆ ಕೊಡಬೇಕೆಂದು ಎರಡು ವರ್ಷ ಓಡಾಡಿದವನು. ಅತ್ತೆ ಒಲ್ಲೆ ಎಂದು ನನ್ನ ತಂಗಿಯನ್ನು ತಂದಿದ್ದರು. ಕರೆ ಹೋದ ಮರುದಿನವೇ ಬಂದ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಕೇಳಿದ್ದನ್ನೆಲ್ಲ ಸಾವಕಾಶ ಕೇಳಿದ.

'ಆಷಾಢದಾಗ ಅಂದ್ರ್ಯಾ ಅಕ್ಕಾರ? ಆಷಾಢದಾಗ ಅಂವಾ ಸೋಮವಾರಕ್ಕೊಮ್ಮೆ ಹತ್ತಿ ಅಂಡಗಿ ಎಣಿಸಾಕ ಬಂದರಕ್ಕ ಬರ್ತಿದ್ದ. ನನ್ನ ಕಣ್ಣಾರೆ ಕಂಡೇನಿ. ಒಂದ ಸೋಮವಾರನೂ ತಪ್ಪಿಸಿಲ್ಲ. ರೈಲಿನ್ಯಾಗ ಇಲ್ಲಿಗೆ ಬರಾಕ ನಾಕ ದಿನ, ಹೋಗಾಕ ನಾಕ ದಿನ. ನೀವ ಕೂಡಿಸ್ಕೋರಿ.'

'ಇಮಾನದಾಗ ಬಂದ್ರ?' ಎಂದರು ನಮ್ಮ ಯಜಮಾನರು.

'ಇಮಾನ ಇಲ್ಲ ಅನ್ನಾಂಗಿಲ್ಲ ನಾ. ಟಪಾಲ ಚೀಲಾ ಒಯ್ಯತೈತಿ, ಜಾಗಾ ಉಳದ್ರ ಒಬ್ಬಿಬ್ಬರನ್ನ ಕೂಡಿಸ್ಕೋತೈತಿ.' ಎಲೆ ಬಾಯಿಗಿಟ್ಟುಕೊಂಡ. 'ಆದ್ರ ಮಳಿಗಾಲದಾಗ ಅದು ಮುಂಬೈಗೆ ಬರಾಂಗಿಲ್ರಿ. ಅಲ್ಲಿ ಇಳಿಯೂ ಬೈಲು ಸಮುದ್ರದ ದಂಡಿಗೆ ಐತಿ. ಮಳಿ ಹಿಡೀತಂದ್ರ ಎಮ್ಮಿ ಹೊರಳೂ ಹೊಂಡ ಆಗತೈತಿ. ಯಾರನ್ನರೆ ಕೇಳ್ರಿ ಬೇಕಾದ್ರ.'

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳು ಇರಲಿಲ್ಲ. ಅದೇ ನಮಗೆ ಬಿದ್ದ ಪೆಟ್ಟು.

'ನಿಮ್ಮ ಸೊಸಿ ಅದ್ಯಾವ ಇಮಾನ ಕಂಡಾಳೋ ಆಕಿನ್ನ ಕೇಳ್ರಿ' ಎಂದು ಬಾಗಿಲ ಕಡೆ ನೋಡಿದ.

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ತಂಗಿ ಹೊರಗೆ ಬಂದು ತಂಬಿಗೆಯನ್ನು ಅವನ ಮುಂದೆ ಕುಕ್ಕಿದಳು. ನೀರು ಅವನ ಧೋತರದ ಮೇಲೆ ಚೆಲ್ಲಿತು. 'ಇಮಾನ ನಾ ಕಂಡಿಲ್ರಿ ಕಾಕಾ' ಎಂದಳು. 'ನನ್ನ ಗಂಡನ್ನ ಕಂಡೇನಿ.'

'ಒಳಗ ನಡಿ!' ಎಂದು ಅತ್ತೆ ಚೀರಿದರು.

ಅವನು ಹೋದ ಮೇಲೆ ಹುಕ್ಕೇರಿಯಲ್ಲಿ ಈ ಮಾತು ಗೊತ್ತಿಲ್ಲದ ಮನೆ ಉಳಿಯಲಿಲ್ಲ. ಮಾರ್ಗಶಿರ ಕಳೆಯಿತು. ತಂಗಿಯ ಹೊಟ್ಟೆ ಸೀರೆಯ ನಿರಿಗೆಯಲ್ಲಿ ಮುಚ್ಚುವಂತಿರಲಿಲ್ಲ. ಚೊಚ್ಚಿಲ ಬಸುರಿಗೆ ಏಳರಲ್ಲಿ ಗಂಡನ ಮನೆಯಲ್ಲಿ ಕುಬಸ ಮಾಡುತ್ತಾರೆ. ಅತ್ತೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆಮೇಲೆ ತವರಿಗೆ ಕಳಿಸಬೇಕು. ಉಡಿ ತುಂಬುವುದೆಂದರೆ ಈ ಕೂಸು ನಮ್ಮದು ಎಂದು ನಾಲ್ಕು ಮಂದಿಯ ಮುಂದೆ ಒಪ್ಪಿಕೊಂಡ ಹಾಗೆ. ಬರಿದು ಉಡಿಯಲ್ಲಿ ಕಳಿಸಿದರೆ ಮುಂದೆ ಯಾರೂ ಏನೂ ಹೇಳಬೇಕಾಗಿಲ್ಲ; ಅವಳಿಗೂ ಕೂಸಿಗೂ ಆ ಮನೆ ಮುಚ್ಚಿತು.

'ನಾ ಉಡಿ ತುಂಬಾಂಗಿಲ್ಲ' ಎಂದರು ಅತ್ತೆ. 'ಸಂಕ್ರಮಣ ಮುಗೀಲಿ, ಬಂಡ್ಯಾಗ ಕೂಡಿಸಿ ಕಳಸೂಣು.'

ಆಗ ನಮ್ಮ ಯಜಮಾನರು ಯಾರನ್ನೂ ಕೇಳದೆ ಕರಾಚಿಗೆ ತಂತಿ ಕೊಟ್ಟರು: ತಕ್ಷಣ ಹೊರಟು ಬಾ.

ಸಂಕ್ರಮಣದ ಹಿಂದಿನ ದಿನ ಮುಂಜಾನೆ ಮೈದುನ ಬಂದಿಳಿದ. ಈ ಸಲ ರೈಲಿನಲ್ಲಿ. ಕೋಟಿನ ತುಂಬ ಇದ್ದಿಲ ಮಸಿ. ಕೈಯಲ್ಲಿ ಕರಾಚಿಯ ಖಜೂರದ ಬುಟ್ಟಿ. ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದರು. ಏಳಲಿಲ್ಲ, ತಿರುಗಲಿಲ್ಲ.

'ಕೈಕಾಲ ತೊಳಕೊಂಡ ಬಂದ ಇಲ್ಲಿ ಕೂಡು. ನಿನ್ನ ಲಿಂಗಾ ಕೈಯಾಗ ತಗೋ.'

ಲಿಂಗ ಅಂಗೈಯಲ್ಲಿಟ್ಟುಕೊಂಡು ಆಡಿದ ಮಾತನ್ನು ನಮ್ಮವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಲ ಪಾಲಾಗುವಾಗಲೂ, ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಾಗಲೂ ಹಿರಿಯರು ಅದನ್ನು ಕೇಳುವುದಿಲ್ಲ. ಜಗಳಕ್ಕೆ ಲಿಂಗವನ್ನು ತರಬಾರದು ಎನ್ನುತ್ತಾರೆ. ಅತ್ತೆ ತಂದರು.

ಮೈದುನ ಕೂತ. ಕೈ ಮಾತ್ರ ಕೊರಳಿನ ಕಡೆ ಹೋಗಲಿಲ್ಲ. 'ಅವ್ವಾ, ನಾಕ ದಿ‌ನ ದಾರಿ ಸವಸೇನಿ. ಒಂದೀಟ ಚಾ ಕುಡದ ಆಮ್ಯಾಲ ಮಾತಾಡೂಣು.'

ನನ್ನ ಕೈಯಲ್ಲಿ ಬಿಸಿನೀರಿನ ತಂಬಿಗೆ ಇತ್ತು. ಅದನ್ನು ಅವನ ತಲೆಯ ಮೇಲೆ ಸುರುವಬೇಕು ಎನಿಸಿತು. ಈಗಲೂ ಆ ಕ್ಷಣ ನೆನೆದರೆ ಹಾಗೇ ಅನಿಸುತ್ತದೆ.

ತಂಗಿ ಅಡುಗೆಮನೆಯಿಂದ ಬಂದು, ಹೊಟ್ಟೆ ಹಿಡಿದುಕೊಂಡು, ಅವನ ಎದುರಿಗೆ ಕೂತಳು. ಕೊರಳಿನ ವಸ್ತ್ರದ ಗಂಟು ಬಿಚ್ಚಿ ತನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. 'ಅತ್ತಿ, ನಾ ಮೊದಲ ಹೇಳತೇನ್ರಿ. ಅವರು ಬಂದಿದ್ರು. ಇನ್ನ ಅವರು ಹೇಳ್ಲಿ.'

ಮಾವನವರು ಅಂಗಡಿಗೆ ಹೊರಟವರು ಬಾಗಿಲಲ್ಲೇ ನಿಂತರು. ಮೈದುನ ಒಮ್ಮೆ ತಂದೆಯ ಕಡೆ ನೋಡಿದ, ಅಲ್ಲಿಂದ ಏನೂ ಸಹಾಯ ಬರಲಿಲ್ಲ. ಲಿಂಗ ತೆಗೆದ.

'ಬಂದಿದ್ದೆ.'

'ಮಳಿಗಾಲದಾಗ ಮುಂಬೈಗೆ ಇಮಾನ ಬರಾಂಗಿಲ್ಲಂತ' ಎಂದರು ಅತ್ತೆ.

'ಮುಂಬೈಗೆ ಬರಾಂಗಿಲ್ಲವಾ. ಮಳಿಗಾಲದಾಗ ಅದು ಪುಣೇದಾಗ ಇಳೀತೈತಿ. ನಮ್ಮ ಶೇಠರು ಮಳಿಗಾಲ ಪೂರ್ತಿ ಪುಣೇದಾಗ ಇರ್ತಾರ. ಅವರ ಸಹಿ ಲಗೂನ ಬೇಕಾಗಿತ್ತು, ಅಂಗಡ್ಯಾಗಿನವರು ಕಾಗದ ಕೊಟ್ಟ ನನ್ನ ಇಮಾನದಾಗ ಕಳಿಸಿದ್ರು. ಮುಂಜಾನಿ ಕರಾಚಿ ಬಿಟ್ಟೆ, ಸಂಜಿ ಆಗೂದರಾಗ ಪುಣೇ. ಓದಿ ಸಹಿ ಹಾಕಾಕ ಶೇಠರು ಎರಡ ದಿನ ಬೇಕು ಅಂದ್ರು. ಸುಮ್ನ ಕುಂತ ಏನ್ ಮಾಡ್ಲಿ? ರಾತ್ರಿ ಗಾಡಿ ಹತ್ತಿದೆ. ಮುಂಜಾನಿ ಗೋಕಾಕ ರೋಡಿಗೆ ಇಳದೆ. ಹೊರಳಿ ಹೋಗೂದೂ ಹಂಗ ಹೋದೆ.'

ಪುಣೆ! ನಮ್ಮ ಕಡೆಯಿಂದ ಸಿಂಧಕ್ಕೆ ಹೋಗುವವರೆಲ್ಲ ಮುಂಬಯಿಯ ಮೇಲೆಯೇ ಹೋಗುವವರು. ಹೀಗಾಗಿ ಅತ್ತೆಯೂ, ದಡ್ಡಿಯವನೂ, ದಾರ ಹಿಡಿದು ಅಳೆದ ನಮ್ಮ ಯಜಮಾನರೂ, ನಾನೂ ಮುಂಬಯಿಯನ್ನೇ ನೋಡುತ್ತ ಕೂತಿದ್ದೆವು. ಪುಣೆಯಿಂದ ಒಂದೇ ಗಾಡಿ ಸೀದಾ ನಮ್ಮ ಗೋಕಾಕ ರೋಡ್ ಸ್ಟೇಶನ್ನಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಯಾರಿಗೂ ಹೊಳೆಯಲಿಲ್ಲ.

ನಮ್ಮ ಯಜಮಾನರು ದೊಡ್ಡದಾಗಿ ಉಸಿರು ಬಿಟ್ಟು, 'ಅಲ್ಲೋ, ಇಷ್ಟ ಬರಿಯಾಕ ನಿನಗೇನ ಆಗಿತ್ತು?' ಎಂದರು. ಅವನು ಉತ್ತರ ಕೊಡುವ ಮೊದಲು ಅತ್ತೆ ಕೇಳಿದರು:

'ಗೋಕಾಕ ರೋಡಿಗೆ ಇಳದಿ.'

'ಹೂಂ.'

'ಅಲ್ಲಿಂದ ಮೂಡಲಗಿ ಎಷ್ಟ ದೂರ?'

ಅವನು ಅಂಗೈಯ ಲಿಂಗದ ಕಡೆ ನೋಡಿದ.

'ಹುಕ್ಕೇರಿ ಎಷ್ಟ ದೂರ?'

ಸ್ಟೇಶನ್ನಿಗೆ ಬೆನ್ನು ಕೊಟ್ಟು ನಿಂತರೆ ಒಂದು ಊರು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಎರಡಕ್ಕೂ ಬಂಡಿಯಲ್ಲಿ ಹೆಚ್ಚೂಕಡಿಮೆ ಅಷ್ಟೇ ಹೊತ್ತು. ಇದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾದದ್ದಲ್ಲ.

'ಈ ಕಡೆ ಮಳಿ ಭಾಳ ಇತ್ತವಾ...'

'ಆ ಕಡೆ ದಾರಿಗೆ ಮಳಿ ಇರ್ಲಿಲ್ಲೇನು?'

'ಆಷಾಢ ಇತ್ತು. ನೀ ಬೈತಿ ಅಂತ...'

'ಬೈತಿದ್ದೆ. ಬೈಸ್ಕೊಳ್ಳಾಕರೆ ಬರಬೇಕಾಗಿತ್ತು.' ಅತ್ತೆಯ ಕೈಯಲ್ಲಿನ ಲಿಂಗದ ಮೇಲಿನ ಪತ್ರಿ ಕೆಳಗೆ ಬಿತ್ತು. 'ಮೋಡದಾಗ ಹಾರಿ ಬಂದೆಪಾ ನೀ. ಅವ್ವನ ಮನಿ ಮಾತ್ರ ದೂರ ಆತು.'

ಐದು ತಿಂಗಳು ಅವರು ಏನನ್ನು ನಂಬಲು ಒಲ್ಲೆ ಎನ್ನುತ್ತಿದ್ದರು ಎಂಬುದು ಆಗ ನನಗೆ ತಿಳಿಯಿತು. ಸೊಸೆ ಕೆಟ್ಟವಳು ಎಂದು ನಂಬುವುದು ಸುಲಭವಿತ್ತು. ಮಗ ಇಷ್ಟು ಹತ್ತಿರ ಬಂದು ತನ್ನ ಮುಖ ನೋಡದೆ ಹೋದ ಎಂದು ನಂಬುವುದು ಸುಲಭವಿರಲಿಲ್ಲ. ತಿಳಿಯಿತು ನಿಜ, ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಅವರ ನೋವಿಗೆ ನನ್ನ ತಂಗಿಯ ಹೆಸರು ಯಾಕೆ ಉರುವಲಾಗಬೇಕಿತ್ತು?

ಮೈದುನ ತಂಗಿಯ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ. ಅವಳು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಹೇಳಿದಳು: 'ಇಮಾನ ಒಂದ ದಿನದಾಗ ಬಂತರಿ. ನಿಮ್ಮ ಬಾಯಾಗಿಂದ ಒಂದ ಮಾತ ಬರಾಕ ಇಷ್ಟ ತಿಂಗಳ ಹಿಡೀತು.'

ಸಂಕ್ರಮಣದ ಮರುದಿನ ಕುಬಸವಾಯಿತು. ಹಸಿರು ಇಳಕಲ್ಲ ಸೀರೆಯನ್ನು ಅತ್ತೆಯೇ ಅಂಗಡಿಯಿಂದ ಆರಿಸಿ ತಂದರು. ಓಣಿಯ ಹೆಂಗಸರನ್ನೆಲ್ಲ, ಹದ್ದಿನ ಮಾತಿಗೆ ನಕ್ಕವರನ್ನೂ, ತಾವೇ ಮನೆಮನೆಗೆ ಹೋಗಿ ಕರೆದರು. ತಂಗಿಯ ತಲೆಗೆ ಹೂವಿನ ದಂಡೆ ಕಟ್ಟಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಒಂದೂ ಬಿಡದೆ ಉಡಿ ತುಂಬಿದರು. ಆದರೆ ಅವಳ ಮುಖ ನೋಡಲಿಲ್ಲ. ಅವಳೂ ನೋಡಲಿಲ್ಲ. ಹಾಡು ಹೇಳುವವರು ಹೇಳಿದರು. ತಪ್ಪಾಯಿತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮೈದುನ ತಂದ ಖಜೂರದ ಬುಟ್ಟಿ ಬಿಚ್ಚದೆ ಪಡಸಾಲೆಯ ಮೂಲೆಯಲ್ಲಿ ಇತ್ತು. ಕೊನೆಗೆ ನಾನೇ ಬಿಚ್ಚಿ ಬಂದವರಿಗೆ ಹಂಚಿದೆ, ಇರುವೆ ಹತ್ತಿದ್ದವು.

ಬಂಡಿ ಹೂಡಿದಾಗ ಮೈದುನ ತಾನೂ ಮೂಡಲಗಿಯ ತನಕ ಬರುತ್ತೇನೆ ಎಂದು ಗಾಲಿಯ ಹತ್ತಿರ ಬಂದ. 'ಬ್ಯಾಡ್ರಿ' ಎಂದಳು ತಂಗಿ. 'ಅಲ್ಲಿಗೆ ಬಂದಿದ್ದ ಸಾಕು. ನಿಮ್ಮವ್ವನ ಹತ್ರ ಇರ್ರಿ.' ಅವನು ಹಿಂದೆ ಸರಿದ. ಅತ್ತೆ ಮುಂದೆ ಬಂದು ಅವಳ ಬೆನ್ನಿಗೆ ದಿಂಬು ಸರಿಮಾಡಿ ಇಟ್ಟರು. ಬಂಡಿ ಹೊಡೆಯುವವನಿಗೆ, 'ತಗ್ಗಿನ್ಯಾಗ ಸಾವಕಾಶ ಹೊಡಿ' ಎಂದರು. ಆಮೇಲೆ ಮಗ ಕೇಳುವಂತೆ ತಂಗಿಗೆ ಹೇಳಿದರು:

'ಹೆಣ್ಣ ಹುಟ್ಟಿದ್ರ ಇಲ್ಲಿಗೆ ಕರಕೊಂಡ ಬಾ. ಗಂಡ ಹುಟ್ಟಿದ್ರ ನಿಮ್ಮವ್ವನ ಹತ್ರನ ಇಟ್ಕೊ. ಗಂಡಮಕ್ಕಳ ಸಾಕಾಗ್ಯಾರ ನನಗ.'

ಚೈತ್ರದಲ್ಲಿ ಮೂಡಲಗಿಯಿಂದ ಸಕ್ಕರೆ ಬಂತು. ಗಂಡು. ಅತ್ತೆ ಆ ಸಕ್ಕರೆಯನ್ನು ಓಣಿಯ ಕೊನೆಯ ಮನೆಯ ತನಕ ಹಂಚಿಸಿದರು. ತಾವು ಒಂದು ಚಿಟಿಕೆಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.